ಗೋಡೆಯ ಮೇಲಿನ ಕಮಲಾಪುರ

ಹೋದ ವಾರ ನಮ್ಮ ಮನೆಯ ಹಳೆಯ ಫ್ರಿಜ್ಜನ್ನು ಹೊರಗೆ ಸಾಗಿಸಿದೆವು. ಅದನ್ನು ಎತ್ತಿದಾಗ ಮುಂದಿನ ಎಡಗಾಲಿನ ಕೆಳಗಿಂದ ಒಬ್ಬ ಮನುಷ್ಯ ಸಿಕ್ಕ. ಗಾಬರಿಯಾಗಬೇಡಿ, ತಗಡಿನ ಮನುಷ್ಯ. ಅಂಗೈ ಅಗಲದವನು, ಸೈಕಲ್ಲಿನ ಮೇಲೆ ಕೂತಿದ್ದಾನೆ, ನೆತ್ತಿಯಲ್ಲಿ ದಾರ ಪೋಣಿಸಲು ಒಂದು ತೂತಿದೆ. ಫ್ರಿಜ್ಜು ಅಲ್ಲಾಡದಿರಲೆಂದು ಅವನನ್ನು ಅಲ್ಲಿ ತುರುಕಿದವನು ನಾನೇ. ಬಣ್ಣವೆಲ್ಲ ಹೋಗಿತ್ತು, ತಲೆಯ ಮೇಲಿನ ಕರಿ ಟೊಪ್ಪಿಗೆ ಮಾತ್ರ ಹಾಗೇ ಇತ್ತು.

ಹೆಂಡತಿ ಅವನನ್ನು ಎರಡು ಬೆರಳಿನಲ್ಲಿ ಹಿಡಿದು ಕಸದ ಬುಟ್ಟಿಯ ಕಡೆಗೆ ನಡೆದಳು.

"ಏ, ಅದನ್ನ ಒಗೀಬ್ಯಾಡ. ಅದು ಗುಂಡೂ ಕಾಕಾ."

"ನಿಮ್ಮ ಕಾಕಾನ್ನ ಇಷ್ಟು ವರ್ಷ ಫ್ರಿಜ್ಜಿನ ಕಾಲಾಗ ಇಟ್ಟಿದ್ರೇನು?" ಎಂದಳು ಅವಳು.

ತಗಡಿನ ಕಾಕಾನನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗೆ ಹಾಕಿಕೊಂಡೆ. ನಿಮಗಾದರೂ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ನಾನು ಸೈಕಲ್ ಪಂದ್ಯದ ಸಂಘಟಕನಾಗಿದ್ದೆ. ಅದೂ ಎಂಥ ಪಂದ್ಯ! ಸ್ಪರ್ಧಿಗಳು ಬೆವರು ಸುರಿಸಿ ತುಳಿಯುತ್ತಾರೆ, ಚಕ್ರಗಳು ಗರಗರ ತಿರುಗುತ್ತವೆ, ಸೈಕಲ್ಲು ಮಾತ್ರ ಇದ್ದಲ್ಲಿಂದ ಒಂದು ಗೇಣೂ ಮುಂದೆ ಹೋಗುವುದಿಲ್ಲ. ನಾನಾಗ ಸರಕಾರಿ ಗುಮಾಸ್ತನಾಗಿದ್ದುದರಿಂದ ಈ ಬಗೆಯ ದುಡಿಮೆಯಲ್ಲಿ ನನಗೆ ಅನುಭವವಿತ್ತು.

ಆಗ ನಾವು ಕಲಬುರಗಿಯ ಶಹಾಬಜಾರದಲ್ಲಿದ್ದೆವು. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಎದುರಿಗೆ ಎಮ್ಮೆ ಬಂದರೆ ಸೈಕಲ್ಲಿನವನು ಇಳಿದು ಗೋಡೆಗೆ ಆತುಕೊಳ್ಳಬೇಕು. ಎಮ್ಮೆ ಎಂದೂ ಸರಿದದ್ದು ನನಗೆ ನೆನಪಿಲ್ಲ. ಆ ಎಮ್ಮೆಯ ಹೆಸರು ಗೌರಿ. ಅದು ಶರಣಪ್ಪ ಮಾಮಾ ಅವರದು. ಶರಣಪ್ಪ ಮಾಮಾ ನಮ್ಮ ಪಕ್ಕದ ಮನೆಯವರು, ತೊಗರಿ ಬೇಳೆ ಮಾಡುವ ಗಿರಣಿಯೊಂದರಲ್ಲಿ ಫೋರ್‌ಮನ್. ರಕ್ತ ಸಂಬಂಧದ ಮಾಮಾ ಅಲ್ಲ, ಗೋಡೆ ಸಂಬಂಧದ ಮಾಮಾ. ನಮ್ಮದು ಬೆಳ್ಳುಳ್ಳಿ ಮುಟ್ಟದ ವೈಷ್ಣವರ ಮನೆ, ಅವರದು ಬೆಳ್ಳುಳ್ಳಿ ಇಲ್ಲದೆ ಒಲೆ ಹೊತ್ತದ ಲಿಂಗಾಯತರ ಮನೆ. ಎರಡಕ್ಕೂ ನಡುವೆ ಎದೆಯೆತ್ತರದ ಒಂದೇ ಹಿತ್ತಲ ಗೋಡೆ. ಆ ಗೋಡೆಯ ಮೇಲೆ ಸಜ್ಜೆ ರೊಟ್ಟಿ ಈ ಕಡೆಗೂ ಹುಳಿಯ ಪಾತ್ರೆ ಆ ಕಡೆಗೂ ದಾಟುತ್ತಿದ್ದವು. ರೊಟ್ಟಿಯ ಜೊತೆ ಅಕಸ್ಮಾತ್ತಾಗಿ ಬಂದ ಬೆಳ್ಳುಳ್ಳಿ ಚಟ್ನಿಯನ್ನು ನಾವು ಮಕ್ಕಳು ಹಿತ್ತಲಲ್ಲೇ ಮುಗಿಸಿ, ಬಾಯಿ ತೊಳೆದುಕೊಂಡು ಒಳಗೆ ಹೋಗುತ್ತಿದ್ದೆವು.

ಗುಂಡೂ ಕಾಕಾ ನನ್ನ ತಂದೆಯ ತಮ್ಮ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತ. ಕಾಕಾ ಮತ್ತು ಮಾಮಾ ಒಂದೇ ವಯಸ್ಸಿನವರು, ಒಂದೇ ಶಾಲೆಯಲ್ಲಿ ಒಂದೇ ಲೆಕ್ಕಕ್ಕೆ ಪೆಟ್ಟು ತಿಂದವರು. ನನಗೆ ಸೈಕಲ್ ಕಲಿಸಿದ್ದು ಇವರಿಬ್ಬರೇ. ಸೀಟು ಎಟುಕದ ವಯಸ್ಸಿನಲ್ಲಿ ಮೂರು ಕೊಳವೆಗಳ ನಡುವೆ ಕಾಲು ತೂರಿಸಿ, ಡೊಂಕಾಗಿ ನೇತಾಡಿಕೊಂಡು ತುಳಿಯುವುದಕ್ಕೆ ನಾವು ಕೈಂಚಿ ಹೊಡೆಯುವುದು ಎನ್ನುತ್ತಿದ್ದೆವು. ಕಾಕಾ ಹಿಂದಿನ ಕ್ಯಾರಿಯರ್ ಹಿಡಿದು "ಮುಂದ ನೋಡು" ಅಂದರೆ, ಮಾಮಾ ಮುಂದಿನಿಂದ "ನನ್ನ ನೋಡು" ಅನ್ನುತ್ತಿದ್ದರು. ನಾನು ಇಬ್ಬರ ಮಾತನ್ನೂ ಕೇಳಿ ಕೋಟೆಯ ಕಂದಕದ ದಂಡೆಯ ಜಾಲಿಗಿಡಕ್ಕೆ ಹೋಗಿ ಬಿದ್ದೆ. ಎರಡು ಕಡೆಯ ಮಾತು ಕೇಳಿ ನಡುವೆ ಬೀಳುವುದು ಅಂದಿನಿಂದ ನನಗೆ ರೂಢಿ.

ಇಂಥ ಜೀವದ ಗೆಳೆಯರು ಮಾತು ಬಿಟ್ಟರು. ಕಾರಣ ಕಮಲಾಪುರ.

ನನ್ನ ಅಕ್ಕನ ಮದುವೆಗೆ ಕಮಲಾಪುರದ ಕೆಂಪು ಬಾಳೆಹಣ್ಣು ಬೇಕಾಗಿತ್ತು. ತರುವ ಕೆಲಸ ಇವರದು. ಬಸ್ಸಿಗೆ ಹೋಗಬಹುದಿತ್ತು. ಆದರೆ ಹಿಂದಿನ ದಿನ ಕಟ್ಟೆಯ ಮೇಲೆ ಯಾರ ಕಾಲು ಗಟ್ಟಿ ಎಂಬ ಮಾತು ಬಂದು, ಇಬ್ಬರೂ ಬೆಳಗ್ಗೆ ಸೈಕಲ್ ಏರಿ ಹುಮನಾಬಾದ ರಸ್ತೆ ಹಿಡಿದರು. ಮೊದಲು ಮುಟ್ಟಿದವನೇ ಗಂಡಸು ಎಂಬ ಪಂಥ. ಸುಮಾರು ಮೂವತ್ತೈದು ಕಿಲೋಮೀಟರ್. ಊರಿನ ಅಂಚಿನಲ್ಲಿ ಕಮಲಾಪುರ ಎಂದು ಬರೆದ ಕಲ್ಲಿದೆಯಲ್ಲ, ಅದನ್ನು ಕಾಕಾ ಮೊದಲು ಮುಟ್ಟಿದರು. ಗೆದ್ದೆನೆಂದು ಅಲ್ಲೇ ಇಳಿದು, ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡರು. ಹಿಂದಿನಿಂದ ಬಂದ ಮಾಮಾ ನಿಲ್ಲಲೇ ಇಲ್ಲ. ಅವರು ನೇರ ಬಸ್ ನಿಲ್ದಾಣಕ್ಕೆ ಹೋಗಿ, ಬಾಳೆಹಣ್ಣಿನ ಬುಟ್ಟಿ ಮುಟ್ಟಿ, ತಾನು ಗೆದ್ದೆ ಎಂದು ಚಹಾ ಕುಡಿಯುತ್ತ ಕೂತರು. ಕಾಕಾನ ಪ್ರಕಾರ ಊರು ಶುರುವಾಗುವುದು ಕಲ್ಲಿನಿಂದ. ಮಾಮಾ ಅವರ ಪ್ರಕಾರ ಊರೆಂದರೆ ಜನ ಇರುವ ಜಾಗ, ಕಲ್ಲು ಹೊಲದವರದು. ಮಾತಿಗೆ ಮಾತು ಬೆಳೆಯಿತು. ಒಬ್ಬರಿಗೊಬ್ಬರು ಮಾತಾಡದೆ ಇಬ್ಬರೂ ಬೇರೆ ಬೇರೆ ಖರೀದಿ ಮಾಡಿ ತಂದಿದ್ದರಿಂದ ಮದುವೆಮನೆಗೆ ಬೇಕಾದ್ದರ ಇಮ್ಮಡಿ ಹಣ್ಣು ಬಂತು. ಅಕ್ಕನ ಅತ್ತೆಮನೆಯವರು ಇವತ್ತಿಗೂ ಅದನ್ನು ಬಾಳೆಹಣ್ಣಿನ ಮದುವೆ ಅನ್ನುತ್ತಾರೆ.

ಮುಂದೆ ಒಂಬತ್ತು ವರ್ಷ ಮಾತಿಲ್ಲ. ಇಲ್ಲ ಅಂದರೆ ಪೂರ್ತಿ ಇಲ್ಲವೆಂದಲ್ಲ. ಹಿತ್ತಲಲ್ಲಿ ಕಾಕಾ ನಮ್ಮ ತುಳಸಿಗೆ ನೀರೆರೆಯುತ್ತ ಜೋರಾಗಿ ಹೇಳುತ್ತಿದ್ದರು: "ತುಳಸವ್ವ, ನಾಳಿ ನಳ ಬರಂಗಿಲ್ಲಂತ. ಇವತ್ತೇ ನೀರು ತುಂಬಿಟ್ಕೋ." ಗೋಡೆಯ ಆ ಕಡೆ ಮಾಮಾ ಎಮ್ಮೆಯ ಬೆನ್ನು ತಟ್ಟಿ, "ಗೊತ್ತಾತೇನು ಗೌರಿ? ನಳ ಬರಂಗಿಲ್ಲಂತ" ಅನ್ನುತ್ತಿದ್ದರು. ಎರಡು ಮನೆ ಕೂಡಿ ತರಿಸುತ್ತಿದ್ದ ಪತ್ರಿಕೆ ಮೊದಲಿನಂತೆಯೇ ಗೋಡೆಯ ಮೇಲಿಂದ ದಾಟುತ್ತಿತ್ತು. ಕಾಕೂ ಮತ್ತು ಮಾಮಿ ಮಾತ್ರ ಮಾತು ಬಿಟ್ಟಿರಲೇ ಇಲ್ಲ. ಗಂಡಂದಿರು ಮಾತು ಬಿಟ್ಟ ಮೇಲೆ ಅವರಿಗೆ ಮಾತಾಡಲು ವಿಷಯ ಹೆಚ್ಚಾಗಿತ್ತು.

ಹೀಗೇ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಮಾಮಾ ಅವರ ಮಗಳು ಮಹಾದೇವಿಯ ಮದುವೆ ಗೊತ್ತಾಯಿತು.

ಕಾಕಾನಿಗೆ ಹೆಣ್ಣುಮಕ್ಕಳಿಲ್ಲ. ಐದು ವರ್ಷದವಳಿದ್ದಾಗಿನಿಂದ ಮಹಾದೇವಿಯನ್ನು ಸೈಕಲ್ಲಿನ ಮುಂದಿನ ಕೊಳವೆಯ ಮೇಲೆ ಟವೆಲ್ಲು ಸುತ್ತಿ ಕೂಡಿಸಿ ಶಾಲೆಗೆ ಬಿಟ್ಟವರು ಕಾಕಾ. ಬೆಲ್ಲು ಬಾರಿಸುವ ಅಧಿಕಾರ ಪೂರ್ತಿ ಅವಳದು. ಜಗಳವಾದ ಮೇಲೂ ಅದು ನಿಲ್ಲಲಿಲ್ಲ. ಎಮ್ಮೆಯ ಹಿಂದಿನಿಂದ ನುಸುಳಿ, ಗೋಡೆ ಹತ್ತಿ, ತುಳಸಿಕಟ್ಟೆಯ ಮೇಲೆ ಇಳಿದು ಅವಳು ಕಾಕಾನ ಸೈಕಲ್ಲಿಗೆ ಬರುತ್ತಿದ್ದಳು. ಈಗ ಅವಳ ಮದುವೆ. ನಮ್ಮ ಕಡೆ ಅಚ್ಚಾದ ಲಗ್ನಪತ್ರಿಕೆ ಬರೀ ತಿಳುವಳಿಕೆ. ಮನೆಗೆ ಬಂದು, ಅಕ್ಷತೆ ಕೊಟ್ಟು, ಬಾಯಿಬಿಟ್ಟು "ಬರ್ರಿ" ಅಂದರೆ ಮಾತ್ರ ಅದು ಕರೆಯುವುದು. ಬಾಯಿಂದ ಕರೆಯದ ಮದುವೆಗೆ ಮಾನವಂತರು ಹೋಗುವುದಿಲ್ಲ.

ಮಾಮಾ ಏನು ಮಾಡಿದರು ಗೊತ್ತೇ? ಗೋಡೆಯ ಆಚೆಯ ಮನೆಗೆ ಪತ್ರಿಕೆಯನ್ನು ಅಂಚೆಯಲ್ಲಿ ಹಾಕಿದರು. ಅದು ಹೆಡ್ ಪೋಸ್ಟ್ ಆಫೀಸಿಗೆ ಹೋಗಿ, ಕಾಕಾನ ಮೇಜಿನ ಮೇಲೆಯೇ ಬಿತ್ತು. ಕಾಕಾ ಅದಕ್ಕೆ ತಾರೀಖಿನ ಶಿಕ್ಕಾ ಹೊಡೆದು, ಶಹಾಬಜಾರದ ಖಾನೆಯಲ್ಲಿ ಇಟ್ಟು, ಬರಿಗೈಲಿ ಮನೆಗೆ ಬಂದರು. ಮರುದಿನ ಪೋಸ್ಟ್‌ಮನ್ ತಂದುಕೊಟ್ಟಾಗ ಮೊದಲ ಸಲ ನೋಡುವವರ ಹಾಗೆ ಒಡೆದು ಓದಿ, ತುಳಸಿಗೆ ಹೇಳಿದರು: "ತುಳಸವ್ವ, ಪೋಸ್ಟಿನಾಗ ಕರದ್ರ ಪೋಸ್ಟಿನಾಗೇ ಆಶೀರ್ವಾದ ಕಳಸೋದು."

ಆ ಸಂಜೆ ಮಹಾದೇವಿ ಗೋಡೆಯ ಹತ್ತಿರ ನಿಂತು ನನ್ನನ್ನು ಕರೆದಳು. ಅವಳ ಮೂಗು ಕೆಂಪಾಗಿತ್ತು.

"ಪಾಣೇಶಣ್ಣ, ಏನರ ಮಾಡು. ಕಾಕಾ ಬರಲಿಲ್ಲಂದ್ರ ನಾ ಹಸಿಮಣಿ ಮ್ಯಾಲ ಕೂಡಂಗಿಲ್ಲ. ಅಪ್ಪಗ ಹೇಳ್ದೆ, ಎಮ್ಮಿಗೆ ಹೇಳು ಅಂದ."

ಏನು ಮಾಡಲಿ? ಇಬ್ಬರಿಗೂ ಬುದ್ಧಿ ಹೇಳಿ ನೋಡಿದೆ. ಮತ್ತೊಮ್ಮೆ ಕಮಲಾಪುರಕ್ಕೆ ಹೋಗಿ ಇತ್ಯರ್ಥ ಮಾಡಿಕೊಳ್ಳಿ ಎಂದರೆ, ಒಬ್ಬರಿಗೆ ಅಂದು ಎದುರುಗಾಳಿ ಇತ್ತಂತೆ, ಇನ್ನೊಬ್ಬರಿಗೆ ಕುರಿಕೋಟಾ ಸೇತುವೆಯ ಹತ್ತಿರ ಲಾರಿ ಅಡ್ಡ ಬಂದಿತ್ತಂತೆ. ರಸ್ತೆ ಇರುವವರೆಗೆ ನೆಪಗಳು ಇರುತ್ತವೆ. ಮೇಲಾಗಿ ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಐವತ್ತರ ಇಬ್ಬರನ್ನು ರಸ್ತೆಗೆ ಬಿಟ್ಟರೆ ಮದುವೆಮನೆ ಸೂತಕದ ಮನೆಯಾಗುತ್ತದೆ.

ದಾರಿ ತೋರಿಸಿದ್ದು ಮಿರ್ಚಿ. ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ ಕಾಗದ ಯಾವುದೋ ಪರದೇಶದ ಪತ್ರಿಕೆಯ ಹಾಳೆ. ಅದರಲ್ಲೊಂದು ಚಿತ್ರ. ದೊಡ್ಡ ಹಾಲಿನೊಳಗೆ ಇಬ್ಬರು ಅಕ್ಕಪಕ್ಕ ಸೈಕಲ್ ತುಳಿಯುತ್ತಿದ್ದಾರೆ, ಮುಂದೆ ಗಡಿಯಾರದಂಥ ದೊಡ್ಡ ತಟ್ಟೆ, ಜನ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದಾರೆ. ಸೈಕಲ್ಲಿನ ಕೆಳಗೆ ಏನಿದೆ ಎಂಬ ಮುಖ್ಯ ಜಾಗದಲ್ಲೇ ಎಣ್ಣೆ ಬಿದ್ದು ಕಲೆಯಾಗಿತ್ತು. ಬೆಳಕಿಗೆ ಹಿಡಿದು ನೋಡಿದೆ. ಉರುಳಿಗಳಂತೆ ಕಂಡವು. ಗಾಳಿ ಇಲ್ಲ, ಲಾರಿ ಇಲ್ಲ, ಬಿಸಿಲಿಲ್ಲ, ನೆಪವೇ ಇಲ್ಲ! ಕೊನೆಯ ಮಿರ್ಚಿ ತಿನ್ನುವುದನ್ನೂ ಮರೆತು ಖಾಜಾನ ಅಂಗಡಿಗೆ ಓಡಿದೆ.

ಖಾಜಾ ನಮ್ಮ ಓಣಿಯ ತುದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಜೊತೆಗೆ ಮಡ್‌ಗಾರ್ಡಿನ ಮೇಲೆ ಹೆಸರು, ಹೂವು, ನವಿಲು ಬರೆಯುತ್ತಿದ್ದ. ಚಿತ್ರ ನೋಡಿ, ಕಾಗದ ಮೂಸಿ, "ಮಿರ್ಚಿ ಛಲೋ ಅದಾವ" ಅಂದ. ಆಮೇಲೆ, "ಆಗ್ತದ ಸಾಬ. ಖರೇ, ಉರಳಿ ಎಲ್ಲಿಂದ ತರ್ತೀರಿ?" ಎಂದು ಕೇಳಿದ.

ಉರುಳಿ ಇದ್ದದ್ದು ಮಾಮಾ ಅವರ ಗಿರಣಿಯಲ್ಲಿ. ಆ ವರ್ಷ ತೊಗರಿ ಬೇಗ ಮುಗಿದು ಒಂದು ಗೋದಾಮು ಪೂರಾ ಖಾಲಿ ಇತ್ತು. ನಾನು ಮಾಮಾ ಅವರ ಮುಂದೆ ಷರತ್ತು ಇಟ್ಟೆ: ಗೋದಾಮಿನೊಳಗೆ ಇಬ್ಬರೂ ಕಮಲಾಪುರಕ್ಕೆ ಸೈಕಲ್ ತುಳಿಯಬೇಕು, ಸೋತವರು ಮೊದಲು ಮಾತಾಡಬೇಕು. ನೀವು ಸೋತರೆ ಕಾಕಾನನ್ನು ಬಾಯಿಂದ ಕರೆಯಬೇಕು. ಕಾಕಾ ಸೋತರೆ ಅವರೇ ಬಂದು "ಮದುವಿಗೆ ಬರ್ತೀನಿ" ಅನ್ನಬೇಕು.

"ಅಂವ ಸೋಲ್ತಾನ. ಆಮ್ಯಾಲ ಹಲ್ಲು ಕಿಸೀಬ್ಯಾಡ ಅಂತ ಹೇಳು ಅವಗ," ಎಂದರು ಮಾಮಾ.

ಕಾಕಾನ ಉತ್ತರವೂ ಅಕ್ಷರ ತಪ್ಪದೆ ಇದೇ ಆಗಿತ್ತು.

ಮಾಮಾ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಉರುಳಿಗಳನ್ನು ಕೊಟ್ಟರು. ಖಾಜಾ ಅವುಗಳನ್ನು ಚೌಕಟ್ಟಿಗೆ ಕೂಡಿಸಿದ. ಹಿಂದಿನ ಚಕ್ರದ ಕೆಳಗೆ ಎರಡು, ಮುಂದಿನದರ ಕೆಳಗೆ ಒಂದು. ಸಂಘಟಕನಾದ ನಾನೇ ಮೊದಲು ಹತ್ತಿದೆ. ಹತ್ತು ಸುತ್ತು ತುಳಿಯುವಷ್ಟರಲ್ಲಿ ರಬ್ಬರಿನ ಘಾಟು ಮೂಗಿಗೆ ಬಡಿದು, ಹಿಂದೆ ಕರಿ ಹುಡಿ ಹಾರತೊಡಗಿತು. ಇಳಿದು ನೋಡಿದರೆ ಟೈರಿನ ಮೇಲೆ ಗೀರುಗಳೇ ಉಳಿದಿಲ್ಲ. ಅವು ತೊಗರಿಯ ಸಿಪ್ಪೆ ಸುಲಿಯುವ, ಮೈಯೆಲ್ಲ ಉಸುಕಿನಂತೆ ತರಿತರಿಯಾದ ಉರುಳಿಗಳು. ತಮ್ಮ ಧರ್ಮ ಬಿಡದೆ ನನ್ನ ಟೈರಿನ ಸಿಪ್ಪೆಯನ್ನೂ ಸುಲಿದಿದ್ದವು.

"ಇನ್ನ ಎರಡು ಮೈಲು ಹೋಗಿದ್ರ ಬ್ಯಾಳಿ ಬೀಳ್ತಿತ್ತು ಸಾಬ," ಎಂದ ಖಾಜಾ.

ಆಮೇಲೆ ಗಿರಣಿಯ ಯಂತ್ರದ ಪಟ್ಟಾ ಎಳೆಯುವ ನುಣುಪಾದ ಕಬ್ಬಿಣದ ಉರುಳಿಗಳು ಬಂದವು. ಇವು ಟೈರು ಕೆಡಿಸಲಿಲ್ಲ, ನನ್ನನ್ನು ಕೆಡವಿದವು. ನೆಲದ ಮೇಲೆ ಸೈಕಲ್ಲು ನಮ್ಮ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಉರುಳಿಯ ಮೇಲೆ ಒಂದು ಸೀನು ಬಂದರೂ ಸಾಕು, ಚಕ್ರ ಪಕ್ಕಕ್ಕೆ ಜಾರಿ, ನೆಲ ಕಚ್ಚಿ, ಅದುವರೆಗೆ ಉಳಿಸಿಕೊಂಡ ವೇಗವನ್ನೆಲ್ಲ ಒಮ್ಮೆಗೇ ತೀರಿಸಿಕೊಳ್ಳುತ್ತದೆ. ಮೊದಲ ಸಲ ನಾನು ಹೋಗಿ ಗೋಡೆಗೆ ಬಡಿದೆ. ಅಂದಿನಿಂದ ಎದುರಿಗೆ ತೊಗರಿ ಹೊಟ್ಟಿನ ಚೀಲಗಳನ್ನು ಒಟ್ಟಿದೆವು.

ಮಾಮಾ ಬೆಳಗ್ಗೆ, ಕಾಕಾ ಕಚೇರಿ ಬಿಟ್ಟ ಮೇಲೆ ಅಭ್ಯಾಸಕ್ಕೆ ಬರುತ್ತಿದ್ದರು. ಖಾಜಾ ಇಬ್ಬರಿಗೂ "ನಿಮ್ಮ ಕಾಲೇ ಗಟ್ಟಿ" ಎಂದು ಗುಟ್ಟಾಗಿ ಹೇಳುತ್ತಿದ್ದ. ಇಬ್ಬರಿಗೂ ಒಂದೇ ಪಾಠ: "ಎರಡೂ ಕೈ ಹ್ಯಾಂಡಲ್ ಮ್ಯಾಲ ಇರಬೇಕು ನೋಡ್ರಿ. ಖುದಾ ಬಂದು ಕರದ್ರೂ ಕೈ ತೆಗೀಬ್ಯಾಡ್ರಿ."

ಇನ್ನು ಜನರಿಗೆ ಯಾರು ಮುಂದೆ ಎಂದು ಕಾಣಬೇಕಲ್ಲ? ಪರದೇಶದವರ ತಟ್ಟೆ ನಮ್ಮವರಿಗೆ ಹಿಡಿಸುವಂಥದ್ದಲ್ಲ. ಕಮಲಾಪುರಕ್ಕೆ ಹೋಗುವುದಾದರೆ ಕಮಲಾಪುರ ಕಾಣಬೇಕು. ಸೈಕಲ್ಲುಗಳ ಎದುರಿನ ಸುಣ್ಣದ ಗೋಡೆಯ ಮೇಲೆ ಖಾಜಾ ದಾರಿ ಬರೆಯತೊಡಗಿದ. ಎಡತುದಿಯಲ್ಲಿ ನಮ್ಮ ಕೋಟೆ, ಆಮೇಲೆ ತಾಜಸುಲ್ತಾನಪುರ, ಮಹಾಗಾಂವ, ಕುರಿಕೋಟಾ ಸೇತುವೆ, ಬಲತುದಿಯಲ್ಲಿ ಕಮಲಾಪುರ. ದಾರಿಯ ಮೇಲೆ ಎರಡು ದಾರ, ಎರಡು ದಾರಕ್ಕೆ ಇಬ್ಬರು ತಗಡಿನ ಸವಾರರು. ಕರಿ ಟೊಪ್ಪಿಗೆಯವನು ಕಾಕಾ, ತಲೆಗೆ ಹಳದಿ ಪಟಕಾ ಸುತ್ತಿದವನು ಮಾಮಾ. ಉರುಳಿ ತಿರುಗಿದಂತೆ ಹಲ್ಲುಚಕ್ರಗಳ ಮೂಲಕ ದಾರ ಸುತ್ತಿಕೊಂಡು ಸವಾರ ಮುಂದೆ ಸರಿಯುತ್ತಿದ್ದ. ಕಾಲು ಗಂಟೆ ತುಳಿದರೆ ಕೋಟೆಯಿಂದ ಕಮಲಾಪುರ.

ಊರು ಎಲ್ಲಿಂದ ಶುರು ಎಂಬ ಹಳೆಯ ತಕರಾರು ಬರದಿರಲೆಂದು, ಕಲ್ಲನ್ನು ಬಸ್ ನಿಲ್ದಾಣದ ಕಟ್ಟೆಗೆ ಆನಿಸಿ ಬರೆಸಿದ್ದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡ ಅಪರೂಪದ ದಿನ ಅದು. ಪಂದ್ಯದ ಬೆಳಗ್ಗೆ ಹೋಗಿ ನೋಡಿದರೆ ಖಾಜಾ ಸೇತುವೆ ದಾಟಿದ ಮೇಲೆ ದಾರಿಯ ಪಕ್ಕ ಹನುಮಂತ ದೇವರ ಗುಡಿಯನ್ನೂ ಬರೆದಿದ್ದ. ಕುಂಕುಮ ಬಣ್ಣದ ದೇವರು, ಗಿಡ, ಗಂಟೆ, ಮೇಲೊಂದು ಧ್ವಜ.

"ಇದನ್ಯಾಕ ಬರದಿ ಖಾಜಾ?"

"ರೋಡು ಖಾಲಿ ಖಾಲಿ ಕಾಣಾಕತ್ತಿತ್ತು ಸಾಬ. ಗುಡಿ ಖರೇ ಅಲ್ಲೇ ಅದಲ್ಲ? ಹೋಗ್ತಾ ಬರ್ತಾ ನಾನೂ ನೋಡೀನಿ."

ಇತ್ತು. ದೇವರ ಕಣ್ಣು ಎಷ್ಟು ಜೀವಂತವಾಗಿದ್ದವೆಂದರೆ ನಾನು "ಚಂದ ಆಗ್ಯದ" ಎಂದುಬಿಟ್ಟೆ.

ಭಾನುವಾರ ಮಧ್ಯಾಹ್ನ ಹೊರಗೆ ಕಾಗೆಗಳೂ ಬಾಯಿ ತೆರೆದು ಕೂತಿದ್ದಾಗ ಗೋದಾಮಿನಲ್ಲಿ ಎರಡು ಓಣಿಯ ಜನ ಸೇರಿದರು. ಗಿರಣಿಯ ಹಮಾಲರು ಚೀಲಗಳ ಮೇಲೆ, ಹೆಂಗಸರು ಮುಂದೆ ಚಾಪೆಯ ಮೇಲೆ. ಕಾಕೂ ಮತ್ತು ಮಾಮಿ ಒಂದೇ ಚಾಪೆಯ ಮೇಲೆ ಒಂದೇ ಬೀಸಣಿಗೆ ಹಿಡಿದು ಕೂತಿದ್ದರು. ಅವರ ನಡುವೆ ಮಹಾದೇವಿ, ಉಗುರು ಕಚ್ಚುತ್ತ. ಕಾಕಾ ಧೋತರದ ಅಂಚಿಗೆ ಕ್ಲಿಪ್ಪು ಹಾಕಿ ಬಂದರು, ಮಾಮಾ ಪಾಯಜಾಮದ ಕಾಲು ಮಡಚಿ ಬಂದರು. ಇಬ್ಬರೂ ಗೋಡೆಯ ಬಲತುದಿಗೆ ಹೋಗಿ ಕಲ್ಲನ್ನೂ ನಿಲ್ದಾಣವನ್ನೂ ಗೇಣು ಹಾಕಿ ಅಳೆದರು. ನಡುವೆ ಬೆರಳು ಹೋಗುವಷ್ಟೂ ಜಾಗವಿಲ್ಲವೆಂದು ಖಾತ್ರಿಯಾದ ಮೇಲೆ ಬಂದು ಸೈಕಲ್ ಹತ್ತಿದರು.

ಖಾಜಾ ಕಬ್ಬಿಣದ ತಟ್ಟೆಗೆ ಹೊಡೆದ. ನಾನು ಸೀಟಿ ಊದಿದೆ. ಹೊರಟರು ಎನ್ನುವ ಹಾಗಿಲ್ಲ, ಶುರು ಮಾಡಿದರು.

ಮೊದಮೊದಲು ಜನಕ್ಕೆ ಏನು ನೋಡಬೇಕು ತಿಳಿಯಲಿಲ್ಲ. ಒಬ್ಬ ಹಮಾಲ, "ಇಷ್ಟು ತುಳದು ಇಲ್ಲೇ ಅದಾರಲ್ಲೋ, ಯಾರರ ದೂಡ್ರಿ" ಅಂದ. ಆಮೇಲೆ ಎಲ್ಲರ ಕಣ್ಣು ಗೋಡೆಗೆ ಹೋದವು. ಕರಿ ಟೊಪ್ಪಿಗೆ ಕೋಟೆ ದಾಟಿತು, ಹಳದಿ ಪಟಕಾ ಬೆನ್ನು ಹತ್ತಿತು. ತಾಜಸುಲ್ತಾನಪುರದ ತಿರುವಿನಲ್ಲಿ ಕಾಕಾ ಅಭ್ಯಾಸಬಲದಿಂದ ಬೆಲ್ಲು ಬಾರಿಸಿದರು. "ಮಗ್ಗಲಕ್ಕ ಸರೀರಿ, ಬಸ್ ಬಂತು!" ಎಂದು ಯಾರೋ ಹಿಂದಿನಿಂದ ಕೂಗಿದರೆ ಮಾಮಾ ನಿಜಕ್ಕೂ ಒಮ್ಮೆ ತಿರುಗಿ ನೋಡಿದರು. ಮಹಾಗಾಂವದ ಹತ್ತಿರ ಪಟಕಾ ಮುಂದಾಯಿತು. ಸೇತುವೆ ದಾಟಿ ಏರು ಬರುತ್ತದಲ್ಲ, ಅಲ್ಲಿ ಇಬ್ಬರೂ ಸೀಟಿನಿಂದ ಎದ್ದು ನಿಂತು ತುಳಿದರು. ಉರುಳಿಗಳಿಗೆ ಏರೂ ಇಲ್ಲ ಇಳಿಜಾರೂ ಇಲ್ಲ. ಆದರೆ ಅವರ ಕಾಲಿಗೆ ಆ ರಸ್ತೆ ಗೊತ್ತಿತ್ತು. ಟೊಪ್ಪಿಗೆ ಮತ್ತು ಪಟಕಾ ಒಂದಾಗಿ ನಡೆದವು. ಗೋದಾಮು ಪೂರಾ ಎದ್ದು ನಿಂತಿತ್ತು. ಮಹಾದೇವಿ ಯಾರ ಹೆಸರು ಕೂಗಬೇಕು ತಿಳಿಯದೆ "ಬರ್ರಿ, ಬರ್ರಿ" ಎಂದು ಕೂಗುತ್ತಿದ್ದಳು. ನನಗೂ ಯಾರು ಗೆಲ್ಲಲಿ ಎಂದು ತಿಳಿಯದು, ಯಾರಾದರೂ ಒಬ್ಬರು ಸೋಲಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ.

ಇನ್ನು ಮೊಳದಷ್ಟು ದಾರಿ ಉಳಿದಿತ್ತು. ತಗಡಿನ ಸವಾರರಿಬ್ಬರೂ ಹನುಮಂತ ದೇವರ ಗುಡಿಯ ಮುಂದೆ ಬಂದರು.

ನೀವು ನಮ್ಮ ಕಡೆ ಸೈಕಲ್ ತುಳಿದಿದ್ದರೆ ನಿಮಗೆ ಗೊತ್ತು. ಗುಡಿ ಬರಲಿ, ದರ್ಗಾ ಬರಲಿ, ದಾಟುವಾಗ ಬಲಗೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಗುತ್ತದೆ, ಎದೆಯಿಂದ ಹಣೆಗೆ ಹೋಗುತ್ತದೆ. ಯೋಚನೆ ಮಾಡಿ ಮಾಡುವುದಲ್ಲ. ಕಣ್ಣಿಗೆ ದೇವರು ಬಿದ್ದರೆ ಕೈ ಏಳುತ್ತದೆ. ಒಂಬತ್ತು ವರ್ಷದ ಹಿಂದೆ ಪಂಥ ಕಟ್ಟಿ ಹೋಗುವಾಗಲೂ ಇದೇ ಗುಡಿಯ ಮುಂದೆ ಇಬ್ಬರೂ ಕೈ ಎತ್ತಿಯೇ ಹೋಗಿದ್ದರು.

ಕಾಕಾನ ಬಲಗೈ ಎದ್ದಿತು. ಅದೇ ಕ್ಷಣಕ್ಕೆ ಮಾಮಾ ಅವರದೂ ಎದ್ದಿತು. ಚಾಪೆಯ ಮೇಲಿನ ಹೆಂಗಸರು ಕೈ ಮುಗಿದಿದ್ದರು. ತಡೆಯಬೇಕಾದ ನಾನು ಸೀಟಿ ಬಾಯಲ್ಲಿಟ್ಟುಕೊಂಡೇ ಹಣೆ ಮುಟ್ಟಿಕೊಳ್ಳುತ್ತಿದ್ದೆ. "ಕೈ! ಕೈ!" ಎಂದು ಖಾಜಾ ಒದರಿದ್ದು ಕೇಳಿಸಿತು.

ಎರಡೂ ಚಕ್ರ ಜಾರಿದವು. ಎರಡೂ ಸೈಕಲ್ಲು ನೆಲ ಕಚ್ಚಿ, ಸವಾರರ ಸಮೇತ ಅಂಬಿನಂತೆ ಹೊರಟು ಹೊಟ್ಟಿನ ಚೀಲಗಳೊಳಗೆ ನುಗ್ಗಿದವು. ಆ ದಿನ ಯಾರಾದರೂ ನಿಜವಾಗಿ ಮುಂದೆ ಹೋದದ್ದಿದ್ದರೆ ಅದಷ್ಟೇ, ಎರಡು ಮಾರು. ಚೀಲಗಳು ಒಡೆದು ಗೋದಾಮಿನ ತುಂಬ ಹೊಟ್ಟಿನ ಧೂಳು ಎದ್ದಿತು. ಯಾರಿಗೂ ಯಾರೂ ಕಾಣಲಿಲ್ಲ. ಒಂದು ಚಕ್ರ ಮಾತ್ರ ಎಲ್ಲೋ ಟಿಕ್ ಟಿಕ್ ಎಂದು ತಿರುಗುತ್ತಿತ್ತು.

ಆ ಧೂಳಿನೊಳಗಿಂದ ಮಾಮಾ ಅವರ ಧ್ವನಿ ಬಂತು.

"ಲೇ ಗುಂಡ್ಯಾ! ಬಡೀತೇನೋ?"

ಒಂದು ಸೀನು ಕೇಳಿಸಿತು, ಮತ್ತೊಂದು ಕೇಳಿಸಿತು. ಆಮೇಲೆ ಕಾಕಾನ ಧ್ವನಿ: "ಪಾಣ್ಯಾ, ಬರ್ಕೋ. ಮೊದ್ಲು ಮಾತಾಡಿದ್ದು ಅಂವ. ಅಂವ ಸೋತ."

"ನಾ ಇವಗ ಎಲ್ಲಿ ಮಾತಾಡೀನಿ? ನಾ ನನ್ನ ಸೈಕಲ್ಲಿಗಿ ಕೇಳೀನಿ."

"ನಿನ್ನ ಸೈಕಲ್ಲಿನ ಹೆಸರು ಗುಂಡ್ಯಾ ಏನಲೇ ಶರಣ್ಯಾ?"

ಮೊದಲು ನಕ್ಕವಳು ಕಾಕೂ. ಆಮೇಲೆ ಯಾರು ನಗಲಿಲ್ಲ ಹೇಳಿ! ಧೂಳು ಇಳಿದಾಗ ಇಬ್ಬರೂ ತಲೆಯಿಂದ ಕಾಲಿನವರೆಗೆ ಹೊಟ್ಟು ಮೆತ್ತಿಕೊಂಡು ಒಂದೇ ಚೀಲಕ್ಕೆ ಬೆನ್ನು ಆನಿಸಿ ಕೂತಿದ್ದರು. ಕಾಕಾನ ಮೊಣಕೈ ಕೆತ್ತಿತ್ತು. ಮಾಮಾ ತಮ್ಮ ಪಟಕಾದ ತುದಿಯಿಂದ ಅದನ್ನು ಒತ್ತಿ ಹಿಡಿದಿದ್ದರು.

"ಹದಿನೆಂಟಕ್ಕ ಮದುವಿ ಅದ," ಎಂದರು ಮಾಮಾ, ಎತ್ತಲೋ ನೋಡುತ್ತ.

"ಗೊತ್ತದ. ಶಿಕ್ಕಾ ನಾನೇ ಹೊಡದೀನಿ. ಬಾಯಿಲೆ ಕರಿ."

"ಬಾರಲೇ."

"ಹಂಗಲ್ಲ. ಚಂದಾಗಿ ಕರಿ."

ಮಾಮಾ ಒಂದು ಹಿಡಿ ತೊಗರಿ ಹೊಟ್ಟು ತೆಗೆದು, ಅಕ್ಷತೆಯ ಹಾಗೆ ಕಾಕಾನ ಅಂಗೈಗೆ ಹಾಕಿದರು. "ಗುಂಡೂರಾಯರ, ನಮ್ಮ ಮಹಾದೇವಿ ಮದುವಿ ಅದರೀ. ಮನಿಮಂದಿ ಎಲ್ಲಾ ಕೂಡಿ ಬರಬೇಕು," ಎಂದರು. ತೋಳಿನಿಂದ ಕಣ್ಣು ಒರೆಸಿಕೊಂಡರು. ಹೊಟ್ಟಿನ ಧೂಳು ಎಂದು ಆಮೇಲೆ ಹೇಳಿಕೊಂಡರು. ಮಹಾದೇವಿ ಅಷ್ಟರಲ್ಲಿ ಕಾಕಾನ ಪಕ್ಕ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕಾಕಾ ಅವಳ ತಲೆ ಸವರಿದರು. ಕೈಯಲ್ಲಿದ್ದ ಹೊಟ್ಟೆಲ್ಲ ಅವಳ ಕೂದಲಿಗೆ ಹೋಯಿತು. ನನಗಂತೂ ಕಣ್ಣು ತುಂಬಿ ಬಂದವು, ಧೂಳಿನ ನೆಪ ನಾನು ಹೇಳುವುದಿಲ್ಲ.

ಇಷ್ಟಕ್ಕೇ ಪಂದ್ಯಗಳು ನಿಲ್ಲಬೇಕಾಗಿರಲಿಲ್ಲ. ಸಂಜೆ ಓಣಿಯ ಪಡ್ಡೆಹುಡುಗರು "ಮುದುಕರು ಬಿದ್ರು, ನಾವು ಬೀಳಂಗಿಲ್ಲ" ಎಂದು ಹತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಅದೇ ಗುಡಿಯ ಮುಂದೆ ಕೈ ಎತ್ತಿ ಅದೇ ಹೊಟ್ಟಿನೊಳಗೆ ಬಿದ್ದರು. ಗುಡಿ ಅಳಿಸಿಬಿಡು ಎಂದು ಖಾಜಾನಿಗೆ ಹೇಳಿದೆ. "ತೋಬಾ! ಬರಿಯೋದು ಬರದೀನಿ ಸಾಬ, ಅಳಸೋದು ನನ್ನ ಕೈಲೆ ಆಗಂಗಿಲ್ಲ. ನೀವೇ ಸುಣ್ಣಾ ಹಚ್ರಿ," ಅಂದ. ನಾನು ಬ್ರಷ್ಷು ಹಿಡಿದು ಹತ್ತಿರ ಹೋದೆ. ದೇವರ ಆ ಕಣ್ಣು ನೋಡಿ, ಕೈ ಮುಗಿದು ಹಿಂದೆ ಬಂದೆ. ವಾರದೊಳಗೆ ಹಮಾಲರು ಅಲ್ಲಿ ಊದುಬತ್ತಿ ಹಚ್ಚತೊಡಗಿದರು. ನಮ್ಮ ಪಂದ್ಯದ ದಾರಿ ಕಮಲಾಪುರವನ್ನು ಎಂದೂ ಮುಟ್ಟಲಿಲ್ಲ.

ಮದುವೆಗೆ ನಾಲ್ಕು ದಿನ ಮೊದಲು ಕಾಕಾ, ಮಾಮಾ ಬಾಳೆಹಣ್ಣು ತರಲು ಹೊರಟರು. ಇಬ್ಬರ ಮೊಣಕಾಲೂ ಕೆತ್ತಿದ್ದರಿಂದ ಬಸ್ಸಿನಲ್ಲಿ. ಗೊನೆ ಹೊರಲು ನಾನು. ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಒಂಬತ್ತು ವರ್ಷದ ಬಾಕಿ ಮಾತನ್ನೆಲ್ಲ ಮಹಾಗಾಂವ ಬರುವುದರೊಳಗೆ ಆಡಿ ಮುಗಿಸಿದರು. ಗುಡಿಯ ಮುಂದೆ ಇಬ್ಬರ ಕೈಯೂ ಎದ್ದಿತು. ಬಸ್ಸು ಬೀಳಲಿಲ್ಲ.

ಊರ ಕಲ್ಲು ಕಂಡಿತು. ಕಾಕಾ ಎದ್ದು ನಿಂತರು.

"ಕಂಡಕ್ಟರ್ ಸಾಹೇಬ್ರ, ಇಲ್ಲೇ ನಿಲ್ಲಸ್ರೀ. ಕಮಲಾಪುರ ಬಂತು."

ಮಾಮಾ ಕಿಟಕಿಯಿಂದ ಹೊರಗೆ ನೋಡುತ್ತ ಕೂತೇ ಇದ್ದರು. "ನಂದು ಇನ್ನಾ ಬಂದಿಲ್ಲ."

ಕಾಕಾ ಇಳಿದರು. ನಾನು ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟು, ಇಳಿಯಲೋ ಬೇಡವೋ ಎನ್ನುವಷ್ಟರಲ್ಲಿ ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಕಾಕಾ ಕೊಡೆ ಬಿಚ್ಚಿಕೊಂಡು ಬಿಸಿಲಲ್ಲಿ ನಡೆದು ಬರುವುದು ಕಾಣುತ್ತಿತ್ತು. ನಿಲ್ದಾಣದಲ್ಲಿ ಇಳಿದ ಮಾಮಾ ನೇರ ಹೋಟೆಲ್ಲಿಗೆ ಹೋಗಿ ಎರಡು ಚಹಾ ಹೇಳಿದರು. ಒಂದನ್ನು ಕುಡಿಯತೊಡಗಿ, ಇನ್ನೊಂದರ ಮೇಲೆ ಬಸಿಯನ್ನು ಮುಚ್ಚಿಟ್ಟರು.

ಕಾಕಾ ಬಂದು, ಕೊಡೆ ಮಡಚಿ, ಪಕ್ಕದಲ್ಲಿ ಕೂತು, ಬಸಿ ತೆಗೆದು ಒಂದು ಗುಟುಕು ಕುಡಿದರು.

"ಚಾ ಆರಿ ಹೋಗ್ಯದಲ್ಲಲೇ."

"ಮೊದ್ಲು ಬಂದವ್ರಿಗಿ ಬಿಸಿ ಚಾ."

"ಮೊದ್ಲು ಬಂದಂವ ನಾನು," ಎಂದು ಕಾಕಾ ಶುರು ಮಾಡಿದರು. ಮಾಮಾ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿದರು. ಕಲ್ಲು, ನಿಲ್ದಾಣ, ಎದುರುಗಾಳಿ, ಲಾರಿ ಎಲ್ಲ ಮತ್ತೆ ಬಂದವು. ಈ ಸಲ ನಡುವೆ ತುಳಸಿಯೂ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ನನಗೂ ಅಲ್ಲಿ ಏನೂ ಕೆಲಸವಿರಲಿಲ್ಲ. ಎದುರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ನನಗೆ ಚಹಾ ಹೇಳುವುದು ಇಬ್ಬರಿಗೂ ನೆನಪಾಗಲಿಲ್ಲ.